ಇಸ್ಪೀಟಿನ ಕಾನೂನು, ಮೊಬೈಲಿನ ಜೂಜು

ತಂತ್ರಜ್ಞಾನ ಕುದುರೆ ಥರ ಓಡುತ್ತೆ, ಕಾನೂನು ಎತ್ತಿನ ಗಾಡಿ ಥರ ಹಿಂದೆ ಬರುತ್ತೆ ಅನ್ನೋ ಮಾತನ್ನು ನೀವೂ ಕೇಳಿರ್ತೀರಿ. ಟೀವಿ ಚರ್ಚೆಯಲ್ಲಿ, ಆಫೀಸಿನ ಕಾಫಿ ಮಷೀನಿನ ಮುಂದೆ ಯಾರಾದರೊಬ್ಬರು ಇದನ್ನು ಹೇಳಿಯೇ ಹೇಳ್ತಾರೆ, ಉಳಿದವರು ತಲೆಯಾಡಿಸ್ತಾರೆ. ಕೇಳೋಕೇನೋ ಚೆನ್ನಾಗಿದೆ. ಆದರೆ ತಾರೀಖುಗಳನ್ನು ಮುಂದಿಟ್ಟುಕೊಂಡು ಕೂತರೆ ಈ ಮಾತು ನಿಲ್ಲೋದಿಲ್ಲ.

2025ರ ಆಗಸ್ಟ್ 20ರಂದು ಆನ್‌ಲೈನ್ ಗೇಮಿಂಗ್ ಮಸೂದೆ ಲೋಕಸಭೆಯಲ್ಲಿ ಮಂಡನೆಯಾಯಿತು. ಅದೇ ದಿನ ಗದ್ದಲದ ನಡುವೆ ಧ್ವನಿಮತದಿಂದ ಪಾಸಾಯಿತು. ಮಾರನೇ ದಿನ ರಾಜ್ಯಸಭೆ. ಅದರ ಮಾರನೇ ದಿನ, 22ಕ್ಕೆ, ರಾಷ್ಟ್ರಪತಿಗಳ ಅಂಕಿತ. ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಎಲ್ಲ ಆನ್‌ಲೈನ್ ಆಟಗಳೂ ಮೂರೇ ದಿನದಲ್ಲಿ ಕಾನೂನಿನ ಪುಸ್ತಕದಲ್ಲಿ ನಿಷೇಧವಾದವು. ನಮ್ಮ ಆಫೀಸಿನಲ್ಲಿ ಒಂದು ಬಟನ್ನಿನ ಬಣ್ಣ ಬದಲಾಯಿಸೋಕೆ ಇದಕ್ಕಿಂತ ಹೆಚ್ಚು ದಿನ ಹಿಡಿಯುತ್ತೆ.

ಇನ್ನೊಂದು ಉದಾಹರಣೆ ನೋಡಿ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2017ರ ಆಗಸ್ಟಿನಲ್ಲಿ. ನಮ್ಮ ಡೇಟಾ ಕಾಪಾಡುವ ಕಾಯ್ದೆ ಪಾಸಾಗಿದ್ದು 2023ರ ಆಗಸ್ಟಿನಲ್ಲಿ. ಅದರ ನಿಯಮಗಳು ಹೊರಬಿದ್ದದ್ದು 2025ರ ನವೆಂಬರಿನಲ್ಲಿ. ಎಂಟು ವರ್ಷ! ಕಂಪನಿಗಳ ಜೊತೆಗೆ ಸರ್ಕಾರದ ಕೈಯನ್ನೂ ಸ್ವಲ್ಪ ಕಟ್ಟಬೇಕಾದ ಕಾನೂನಿಗೆ ಎಂಟು ವರ್ಷ, ಬೇರೆಯವರ ಕೈ ಮಾತ್ರ ಕಟ್ಟುವ ಕಾನೂನಿಗೆ ಮೂರು ದಿನ. ಮನಸ್ಸಿದ್ದರೆ ಗಾಡಿಯೂ ಓಡುತ್ತೆ ಅಂತಾಯಿತಲ್ಲ.

ಹಾಗಾಗಿ ವೇಗದ ಮಾತು ಬಿಡೋಣ. ಹೊಸ ತಂತ್ರಜ್ಞಾನ ಮುಂದೆ ಬಂದು ನಿಂತಾಗ ನಮ್ಮ ಶಾಸಕರು, ಸಂಸದರು ಯಾವ ಪ್ರಶ್ನೆ ಕೇಳ್ತಾರೆ ಅನ್ನೋದನ್ನು ನೋಡೋಣ. ಆನ್‌ಲೈನ್ ಜೂಜಿನ ಕಥೆಯಲ್ಲಿ ಅವರು ವರ್ಷಗಟ್ಟಲೆ ಒಂದು ಹಳೇ ಪ್ರಶ್ನೆಯನ್ನೇ ಜಗಿದರು. ಒಂದೇ ಒಂದು ರಾಜ್ಯ ಸರಿಯಾದ ಪ್ರಶ್ನೆ ಕೇಳೋಕೆ ಶುರು ಮಾಡಿತ್ತು. ಎರಡೂವರೆ ತಿಂಗಳಲ್ಲಿ ಅದೂ ಕೊಚ್ಚಿಕೊಂಡು ಹೋಯಿತು.

ಹಳೇ ಪ್ರಶ್ನೆ ಯಾವುದು? ಇದು ಕೌಶಲದ ಆಟವೋ, ಅದೃಷ್ಟದ ಆಟವೋ?

ಈ ಪ್ರಶ್ನೆಗೆ ಬೆಂಗಳೂರಿನ ನಂಟೂ ಇದೆ. 1950ರ ದಶಕದಲ್ಲಿ ಇಲ್ಲಿಂದ ‘ಸ್ಪೋರ್ಟಿಂಗ್ ಸ್ಟಾರ್’ ಅನ್ನೋ ವಾರಪತ್ರಿಕೆ ಹೊರಡುತ್ತಿತ್ತು. ಅದರಲ್ಲಿ ಆರ್‌ಎಂಡಿಸಿ ಹೆಸರಿನ ಬಹುಮಾನದ ಪದಬಂಧ ಬರುತ್ತಿತ್ತು. ಅಚ್ಚಾಗುತ್ತಿದ್ದದ್ದು ಮೈಸೂರು ರಾಜ್ಯದ ಬೆಂಗಳೂರಿನಲ್ಲಿ. ಬೊಂಬಾಯಿ ರಾಜ್ಯದಲ್ಲೂ ಪತ್ರಿಕೆಗೆ ದೊಡ್ಡ ಪ್ರಸಾರವಿತ್ತು, ಅಲ್ಲಿಂದಲೂ ಜನ ಪ್ರವೇಶ ಶುಲ್ಕ ಕಟ್ಟಿ ಪದ ತುಂಬುತ್ತಿದ್ದರು. ಬೊಂಬಾಯಿ ಸರ್ಕಾರ 1952ರಲ್ಲಿ ತನ್ನ ಕಾನೂನು ತಿದ್ದಿ, ಹೊರರಾಜ್ಯದ ಪತ್ರಿಕೆಗಳ ಸ್ಪರ್ಧೆಯನ್ನೂ ತೆರಿಗೆಯ ಬಲೆಗೆ ಎಳೆಯಿತು. ಜಗಳ ಸುಪ್ರೀಂ ಕೋರ್ಟಿಗೆ ಹೋಯಿತು. ಜೂಜು ವ್ಯಾಪಾರವೇ ಅಲ್ಲ, ಅದಕ್ಕೆ ಸಂವಿಧಾನದ ರಕ್ಷಣೆ ಇಲ್ಲ ಅಂತ 1957ರಲ್ಲಿ ತೀರ್ಪು ಬಂತು. ಗೆಲುವು ಬಹುಪಾಲು ಕೌಶಲದ ಮೇಲೆ ನಿಂತಿದ್ದರೆ ಅದು ಜೂಜಲ್ಲ ಅನ್ನೋ ಗೆರೆಯೂ ಆ ವರ್ಷದ ತೀರ್ಪುಗಳಿಂದಲೇ ಗಟ್ಟಿಯಾಯಿತು. 1967ರಲ್ಲಿ ಆಂಧ್ರದ ಕೇಸೊಂದರಲ್ಲಿ, ರಮ್ಮಿ ಆಡೋಕೆ ಬಿದ್ದ ಎಲೆಗಳನ್ನು ನೆನಪಿಟ್ಟುಕೊಳ್ಳಬೇಕು, ಲೆಕ್ಕ ಹಾಕಬೇಕು, ಆದ್ದರಿಂದ ಅದು ಮುಖ್ಯವಾಗಿ ಕೌಶಲದ ಆಟ ಅಂತ ಕೋರ್ಟ್ ಹೇಳಿತು. ಫೋನಿನಲ್ಲಿ ಬಂದ ಅಷ್ಟೂ ರಮ್ಮಿ ಆ್ಯಪ್‌ಗಳು ನಿಂತಿದ್ದು ಆ ಒಂದು ತೀರ್ಪಿನ ನೆರಳಲ್ಲಿ.

ಆ ಕಾಲಕ್ಕೆ ಈ ಪ್ರಶ್ನೆ ಸಾಕಾಗಿತ್ತು. ನಾನು ಬೆಳೆದ ಊರಿನಲ್ಲಿ ಯುಗಾದಿ ಬಂತು ಅಂದರೆ ಇಸ್ಪೀಟು ಇದ್ದದ್ದೇ. ಅರಳಿಕಟ್ಟೆ ಹಿಂದೆ, ತೋಟದ ಮನೆ ಜಗಲಿ ಮೇಲೆ ಅಂದರ್-ಬಾಹರ್ ನಡೆಯೋದು. ಹಬ್ಬದ ಹೆಸರಲ್ಲಿ ಸೋತವರು ಇದ್ದರು, ಬೈಕು ಅಡವಿಟ್ಟವರೂ ಇದ್ದರು. ಆದರೆ ಆ ಆಟಕ್ಕೆ ಅದರದೇ ಬೇಲಿಗಳಿದ್ದವು. ಜೇಬಿನಲ್ಲಿ ಇದ್ದ ದುಡ್ಡು ಮುಗಿದರೆ ಆಟ ಮುಗಿಯಿತು. ಸಾಲ ಬೇಕು ಅಂದರೆ ಪಕ್ಕದಲ್ಲಿ ಕೂತವನನ್ನು ಕೇಳಬೇಕು, ಅವನು ‘ಎದ್ದು ಮನೆಗೆ ಹೋಗಯ್ಯ’ ಅಂತಾನೆ. ಕತ್ತಲಾದರೆ ಎಲೆ ಕಾಣಿಸೋದಿಲ್ಲ. ಹೆಂಡತಿ ಹುಡುಕಿಕೊಂಡು ಬರ್ತಾಳೆ, ಅವ್ವ ಬೀದಿಯಲ್ಲಿ ನಿಂತು ಮರ್ಯಾದೆ ತೆಗೀತಾಳೆ. ಪೊಲೀಸ್ ಜೀಪು ಬಂದರೆ ಎಲ್ಲರೂ ಗದ್ದೆ ಹಾರಿ ಓಡ್ತಾರೆ. ಕಾನೂನು ಬರೀ ‘ಕೌಶಲವೋ ಅದೃಷ್ಟವೋ’ ಅಂತ ಕೇಳಿ ಸುಮ್ಮನಾದರೂ, ಉಳಿದ ತಡೆಗಳನ್ನು ಊರೇ ನೋಡಿಕೊಳ್ಳುತ್ತಿತ್ತು.

ಮೊಬೈಲ್ ಬಂದಾಗ ಆಟದ ಗುಣ ಅಷ್ಟೇನೂ ಬದಲಾಗಲಿಲ್ಲ. ಹೋದದ್ದು ಆ ಬೇಲಿಗಳು. ರಾತ್ರಿ ಎರಡು ಗಂಟೆಗೂ ಎಲೆ ಕಾಣಿಸುತ್ತೆ. ಜೇಬು ಅನ್ನೋದು ಯುಪಿಐ ಆಯಿತು, ಖಾಲಿಯಾದರೆ ಸಾಲದ ಆ್ಯಪ್ ಐದು ನಿಮಿಷದಲ್ಲಿ ತುಂಬಿಸಿ ಕೊಡುತ್ತೆ. ಪಕ್ಕದಲ್ಲಿ ಕೂತು ಬೈಯೋಕೆ ಯಾರೂ ಇಲ್ಲ. ಮನೆಯವರ ಕಣ್ಣಿಗೆ ಹುಡುಗ ಸುಮ್ಮನೆ ಫೋನ್ ಒತ್ತಿಕೊಂಡು ಮಲಗಿದ್ದಾನೆ.

ಇದರ ಮೇಲೆ ವಿನ್ಯಾಸದ ಕೈಚಳಕ. ಈ ಮಾತು ನಿಮ್ಮಲ್ಲಿ ಅನೇಕರಿಗೆ ನಾನು ಹೇಳಬೇಕಾಗಿಲ್ಲ. ಬೆಂಗಳೂರಿನಲ್ಲಿ ಪ್ರಾಡಕ್ಟ್ ಟೀಮಿನಲ್ಲಿ ಕೆಲಸ ಮಾಡಿದ ಯಾರಿಗೂ ಇದು ಗೊತ್ತು. ಮೊದಲ ಸಲ ಬಂದವನಿಗೆ ಬೋನಸ್. ಎರಡು ದಿನ ಬರದೇ ಇದ್ದವನಿಗೆ ನೋಟಿಫಿಕೇಶನ್. ದುಡ್ಡು ಹಾಕೋಕೆ ಒಂದು ಒತ್ತು, ತೆಗೆಯೋಕೆ ನಾಲ್ಕು ಪರದೆ. ಯಾವ ಬಣ್ಣದ ಬಟನ್ನಿಗೆ ಜನ ಜಾಸ್ತಿ ಒತ್ತುತ್ತಾರೆ ಅಂತ ಅರ್ಧ ಜನಕ್ಕೆ ಒಂದು, ಇನ್ನರ್ಧಕ್ಕೆ ಇನ್ನೊಂದು ತೋರಿಸಿ ಅಳೆಯೋದು. ಸೋತವನು ಎಷ್ಟು ಹೊತ್ತಿಗೆ ಮತ್ತೆ ದುಡ್ಡು ಹಾಕ್ತಾನೆ ಅನ್ನೋದು ಅಲ್ಲಿ ಒಂದು ಗ್ರಾಫ್. ಅರಳಿಕಟ್ಟೆಯ ಹಿಂದೆ ಯಾರೂ ಗ್ರಾಫ್ ಇಟ್ಟಿರಲಿಲ್ಲ.

ನಮ್ಮೂರ ಹುಡುಗನೊಬ್ಬ, ಡಿಪ್ಲೊಮಾ ಮುಗಿಸಿದವನು, ಒಂದು ಮಳೆಗಾಲದಲ್ಲಿ ಒಂದು ಲಕ್ಷ ಎಪ್ಪತ್ತು ಸಾವಿರ ಕಳೆದ. ಅವರಮ್ಮನ ಹಾಲಿನ ಬಟವಾಡೆ ಬೀಳುತ್ತಿದ್ದ ಖಾತೆಗೆ ಅವನದೇ ನಂಬರ್ ಲಿಂಕ್ ಆಗಿತ್ತು. ಆಯಮ್ಮ ಡೇರಿಯಲ್ಲಿ ‘ಈ ಸಲವೂ ದುಡ್ಡು ಬಂದಿಲ್ಲ’ ಅಂತ ಜಗಳಕ್ಕೆ ಹೋದಾಗಲೇ ವಿಷಯ ಹೊರಬಿದ್ದದ್ದು. ಅವನು ಆಡಿದ್ದು ರಮ್ಮಿ. ಅಂದರೆ ಕಾನೂನಿನ ಲೆಕ್ಕದಲ್ಲಿ ಕೌಶಲದ ಆಟ. ಅವನು ಕಳೆದದ್ದು ಕೌಶಲ ಕಡಿಮೆಯಾಗಿಯೋ ಅದೃಷ್ಟ ಕೆಟ್ಟೋ ಅಂತ ತಿಳಿದು ಆಯಮ್ಮನಿಗೆ ಏನಾಗಬೇಕು? ಎರಡು ತಿಂಗಳು ದಿನವೂ ನಡುರಾತ್ರಿ ದುಡ್ಡು ಹಾಕುತ್ತಿದ್ದವನನ್ನು ‘ಸಾಕು’ ಅನ್ನೋಕೆ ಆ ಆ್ಯಪಿನಲ್ಲಿ ಏನೂ ಯಾಕಿರಲಿಲ್ಲ ಅನ್ನೋದು ಕೇಳಬೇಕಾದ ಪ್ರಶ್ನೆ.

ಈಗ ನಮ್ಮ ವಿಧಾನಸಭೆಗೆ ಬರೋಣ. 2021ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಪೊಲೀಸ್ ತಿದ್ದುಪಡಿ ಮಸೂದೆ ಪಾಸಾಯಿತು, ಅಕ್ಟೋಬರ್ 5ರಿಂದ ಜಾರಿ. 1963ರ ಪೊಲೀಸ್ ಕಾಯ್ದೆಯ ಜೂಜಿನ ವ್ಯಾಖ್ಯೆಗೆ ಕಂಪ್ಯೂಟರ್, ಮೊಬೈಲ್, ಆ್ಯಪ್ ಎಲ್ಲವನ್ನೂ ಸೇರಿಸಿದರು. ಕೌಶಲದ ಆಟವೂ ಸೇರಿದಂತೆ, ಫಲಿತಾಂಶ ಗೊತ್ತಿಲ್ಲದ ಯಾವುದರ ಮೇಲೆ ದುಡ್ಡು ಹೂಡಿದರೂ ಜೂಜು ಅಂತಾಯಿತು. ಹಾಗೆ ಓದಿದರೆ ಎಂಟ್ರಿ ಫೀ ಕಟ್ಟಿ ಆಡುವ ಚೆಸ್ ಟೂರ್ನಿಯೂ ಬಲೆಗೆ ಬೀಳಬಹುದಿತ್ತು. ಆದರೆ ಲಾಟರಿಗೆ ವಿನಾಯಿತಿ. ಕುದುರೆ ರೇಸಿನ ಬಾಜಿಗೂ ವಿನಾಯಿತಿ. ಹುಡುಗ ಹಾಸಿಗೆಯಲ್ಲಿ ಮಲಗಿ ನೂರು ರೂಪಾಯಿ ಕಟ್ಟಿದರೆ ಅಪರಾಧ, ರೇಸ್ ಕೋರ್ಸಿನಲ್ಲಿ ಕೂತು ಲಕ್ಷ ಕಟ್ಟಿದರೆ ಸಂಜೆಯ ಮನರಂಜನೆ.

ಇದಕ್ಕಿಂತ ಬೇಸರದ ಸಂಗತಿ ಇನ್ನೊಂದಿದೆ. ಇಂಥದ್ದೇ ತಮಿಳುನಾಡಿನ ಕಾನೂನನ್ನು ಮದ್ರಾಸ್ ಹೈಕೋರ್ಟ್ 2021ರ ಆಗಸ್ಟ್ ಆರಂಭದಲ್ಲೇ ರದ್ದು ಮಾಡಿತ್ತು. ನಾವು ಸೆಪ್ಟೆಂಬರಿನಲ್ಲಿ ಅದೇ ದಾರಿ ಹಿಡಿದೆವು. ಪಕ್ಕದ ಟೀಮಿನ ಕೋಡ್ ಹೋದ ತಿಂಗಳು ಪ್ರೊಡಕ್ಷನ್‌ನಲ್ಲಿ ಬಿದ್ದು ಒದ್ದಾಡಿದ್ದನ್ನು ನೋಡಿಯೂ ಅದನ್ನೇ ಕಾಪಿ ಮಾಡಿ ರಿಲೀಸ್ ಮಾಡೋ ಮ್ಯಾನೇಜರ್ ನಿಮಗೆ ಸಿಕ್ಕಿದ್ದಾನಾ? ಇಲ್ಲಿ ಇಡೀ ಸದನವೇ ಹಾಗೆ ಮಾಡಿತು. 2022ರ ಫೆಬ್ರವರಿ 14ರಂದು ಕರ್ನಾಟಕ ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ಹೊಡೆದು ಹಾಕಿತು. ಕೌಶಲದ ಆಟ ವ್ಯಾಪಾರದ ಹಕ್ಕಿನೊಳಗೆ ಬರುತ್ತೆ ಅನ್ನೋದು ಅಲ್ಲಿನ ಮುಖ್ಯ ವಾದಗಳಲ್ಲೊಂದು. ಹಳೇ ಪ್ರಶ್ನೆ, ಹಳೇ ಉತ್ತರ. ಸರ್ಕಾರ ಮೇಲ್ಮನವಿ ಹಾಕಿತು. ನಾಲ್ಕು ತಿಂಗಳು ಮುಚ್ಚಿದ್ದ ಆ್ಯಪ್‌ಗಳಿಗೆ ರಾಜ್ಯದ ಬಾಗಿಲು ಮತ್ತೆ ತೆರೆಯಿತು. ಆಡಿ ಕಳಕೊಂಡವರ ಮಟ್ಟಿಗೆ ಏನೂ ಬದಲಾಗಲಿಲ್ಲ.

ಮುಂದೆ ಕೇಂದ್ರ ಸರ್ಕಾರ ಕೈ ಹಾಕಿತು. 2023ರ ಏಪ್ರಿಲಿನಲ್ಲಿ ಐಟಿ ನಿಯಮಗಳನ್ನು ತಿದ್ದಿ, ಉದ್ಯಮದವರೇ ಸ್ವನಿಯಂತ್ರಣ ಸಂಸ್ಥೆಗಳನ್ನು ಕಟ್ಟಿಕೊಳ್ಳಲಿ, ಯಾವ ಆಟ ಸರಿ ಯಾವುದು ತಪ್ಪು ಅಂತ ಅವು ಹೇಳಲಿ ಅಂದಿತು. ಅಂಥ ಒಂದು ಸಂಸ್ಥೆಗೂ ಮಾನ್ಯತೆ ಸಿಗಲಿಲ್ಲ. ಅದೇ ವರ್ಷ ಅಕ್ಟೋಬರ್ 1ರಿಂದ ಆಟಗಾರ ಹಾಕುವ ಪೂರ್ತಿ ಮೊತ್ತದ ಮೇಲೆ ಶೇ. 28 ಜಿಎಸ್‌ಟಿ ಬಂತು. ನಿಯಂತ್ರಣದ ನಿಯಮ ಕಾಗದದಲ್ಲೇ ಉಳಿಯಿತು, ತೆರಿಗೆಯ ನಿಯಮ ಮಾತ್ರ ಹೇಳಿದ ದಿನಕ್ಕೆ ಸರಿಯಾಗಿ ಜಾರಿಯಾಯಿತು. ಅದೇ ಜುಲೈನಿಂದ ಭಾರತ ಕ್ರಿಕೆಟ್ ತಂಡದ ಜೆರ್ಸಿಯ ಎದೆ ಮೇಲೆ ಡ್ರೀಮ್11 ಹೆಸರಿತ್ತು. ಹಳ್ಳಿ ಹುಡುಗನಿಗೆ ಇದು ಸರ್ಕಾರವೇ ಒಪ್ಪಿದ ಆಟ ಅಂತ ಅನಿಸಿದ್ದರೆ ಅವನನ್ನು ಬೈಯೋದು ಹೇಗೆ?

ಈ ಗದ್ದಲದಲ್ಲಿ ನಮ್ಮ ಪತ್ರಿಕೆಗಳು ಹೆಚ್ಚು ಗಮನಿಸದ ಒಂದು ಕೆಲಸ ಚೆನ್ನೈನಲ್ಲಿ ನಡೆಯುತ್ತಿತ್ತು. ಒಂದು ಸಲ ಕೋರ್ಟಿನಲ್ಲಿ ಸೋತ ತಮಿಳುನಾಡು, ನಿವೃತ್ತ ನ್ಯಾಯಮೂರ್ತಿ ಕೆ. ಚಂದ್ರು ನೇತೃತ್ವದಲ್ಲಿ 2022ರಲ್ಲಿ ಸಮಿತಿ ಮಾಡಿತು, ವರದಿ ತರಿಸಿತು, ಹೊಸ ಕಾಯ್ದೆ ತಂದಿತು. ರಾಜ್ಯಪಾಲರು ಮಸೂದೆ ವಾಪಸ್ ಕಳಿಸಿದಾಗ ಮತ್ತೆ ಪಾಸು ಮಾಡಿತು. 2023ರ ನವೆಂಬರಿನಲ್ಲಿ ಹೈಕೋರ್ಟ್ ಆ ಕಾಯ್ದೆಯನ್ನು ಒಪ್ಪಿ, ರಮ್ಮಿ-ಪೋಕರನ್ನು ಅದೃಷ್ಟದ ಆಟ ಅಂತ ಕರೆದ ಭಾಗವನ್ನು ಮಾತ್ರ ತೆಗೆದು ಹಾಕಿತು. ಆಗ ಅವರು ಕೌಶಲ-ಅದೃಷ್ಟದ ಜಗಳವನ್ನು ಅಲ್ಲಿಗೇ ಬಿಟ್ಟು, 2025ರ ಶುರುವಿನಲ್ಲಿ ಬೇರೆ ಥರದ ನಿಯಮ ಬರೆದರು.

ಏನಿತ್ತು ಅದರಲ್ಲಿ? ರಾತ್ರಿ 12ರಿಂದ ಬೆಳಗಿನ 5ರವರೆಗೆ ದುಡ್ಡಿನ ಆಟಕ್ಕೆ ಲಾಗಿನ್ ಇಲ್ಲ. 18 ವರ್ಷ ಆಗದವರಿಗೆ ಪ್ರವೇಶ ಇಲ್ಲ, ಗುರುತಿನ ಪರಿಶೀಲನೆ ಕಡ್ಡಾಯ. ದಿನಕ್ಕೆ, ವಾರಕ್ಕೆ, ತಿಂಗಳಿಗೆ ಎಷ್ಟು ದುಡ್ಡು ಅಂತ ಆಟಗಾರ ಮಿತಿ ಹಾಕಿಕೊಳ್ಳುವ ವ್ಯವಸ್ಥೆ ಇರಬೇಕು. ಒಂದು ಗಂಟೆ ದಾಟಿ ಆಡುತ್ತಿದ್ದರೆ ಅರ್ಧ ಗಂಟೆಗೊಮ್ಮೆ ಪರದೆಯ ಮೇಲೆ ಎಚ್ಚರಿಕೆ ಬರಬೇಕು. ಕಂಪನಿಗಳು ಕೋರ್ಟಿಗೆ ಹೋದವು. 2025ರ ಜೂನ್ 3ರಂದು ಮದ್ರಾಸ್ ಹೈಕೋರ್ಟ್ ಈ ನಿಯಮಗಳನ್ನು ಎತ್ತಿಹಿಡಿಯಿತು.

ಗಮನಿಸಿ, ಈ ಪಟ್ಟಿಯಲ್ಲಿ ಆಟದ ಹೆಸರೇ ಬೇಕಾಗಿಲ್ಲ. ಯಾವ ಹೊತ್ತು, ಎಷ್ಟು ಹೊತ್ತು, ಎಷ್ಟು ದುಡ್ಡು, ಯಾರು ಅನ್ನೋ ನಾಲ್ಕು ಪ್ರಶ್ನೆಗಳಷ್ಟೇ ಇವೆ. ಅರಳಿಕಟ್ಟೆಯ ಹಿಂದೆ ಕತ್ತಲು ಮಾಡುತ್ತಿದ್ದ ಕೆಲಸವನ್ನು, ಅವ್ವ ಮಾಡುತ್ತಿದ್ದ ಕೆಲಸವನ್ನು ಆ್ಯಪಿನೊಳಗೆ ಕೂರಿಸುವ ಪ್ರಯತ್ನ ಇದು. ಇದು ಪರಿಪೂರ್ಣ ಅಂತ ನಾನು ಹೇಳ್ತಿಲ್ಲ. ಮಿತಿಯನ್ನು ಆಟಗಾರನೇ ಹಾಕಿಕೊಳ್ಳಬೇಕು ಅಂದರೆ ಚಟಕ್ಕೆ ಬಿದ್ದವನು ಹತ್ತು ಲಕ್ಷ ಅಂತ ಹಾಕ್ತಾನೆ. ಬೇರೆಯವರ ಆಧಾರ್‌ನಲ್ಲಿ ಆಡೋರೂ ಇರ್ತಾರೆ. ಆದರೆ ಇದು ಎರಡನೇ ಆವೃತ್ತಿ. ಮೊದಲನೆಯದರ ತಪ್ಪು ನೋಡಿ ಬರೆದದ್ದು, ಮೂರನೆಯದಕ್ಕೆ ಜಾಗ ಇಟ್ಟುಕೊಂಡದ್ದು. ಒಂದೆರಡು ವರ್ಷ ಬಿಟ್ಟು ನೋಡಿದ್ದರೆ ರಾತ್ರಿ ಬಾಗಿಲು ಹಾಕಿದ್ದರಿಂದ ನಷ್ಟ ಎಷ್ಟು ಇಳಿಯಿತು ಅಂತ ನಮಗೆ ಗೊತ್ತಾಗುತ್ತಿತ್ತು. ಇಡೀ ದೇಶಕ್ಕೆ ಅದೊಂದು ಪಾಠವಾಗುತ್ತಿತ್ತು.

ಅದಕ್ಕೆ ಸಿಕ್ಕಿದ್ದು ಎರಡೂವರೆ ತಿಂಗಳು. ಆಗಸ್ಟಿನಲ್ಲಿ ಕೇಂದ್ರದ ಕಾಯ್ದೆ ಬಂತು. ಕೌಶಲವೋ, ಅದೃಷ್ಟವೋ, ಎರಡೂ ಸೇರಿದ್ದೋ, ದುಡ್ಡು ಗೆಲ್ಲುವ ಆಸೆಯಿಂದ ದುಡ್ಡು ಕಟ್ಟಿ ಆಡುವುದೆಲ್ಲ ಬಂದ್. ನಡೆಸುವವರಿಗೆ 3 ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ. ಜಾಹೀರಾತು ಮಾಡಿದವರಿಗೆ 2 ವರ್ಷ, 50 ಲಕ್ಷ. ವಾರೆಂಟ್ ಇಲ್ಲದೆ ‘ಭೌತಿಕ ಅಥವಾ ಡಿಜಿಟಲ್’ ಜಾಗಗಳನ್ನು ಶೋಧಿಸುವ ಅಧಿಕಾರ ಬೇರೆ. ಹಳೇ ಪ್ರಶ್ನೆಯನ್ನು ಕೊನೆಗೂ ಕೈಬಿಟ್ಟರು, ಒಳ್ಳೆಯದೇ. ಆದರೆ ಅದರ ಜಾಗಕ್ಕೆ ಹೊಸ ಪ್ರಶ್ನೆ ತರಲಿಲ್ಲ.

ನಿಷೇಧದ ಪರ ಇರುವ ವಾದವನ್ನು ಹಗುರವಾಗಿ ನೋಡಬಾರದು. ಸರ್ಕಾರದ ಅಂದಾಜಿನಲ್ಲಿ 45 ಕೋಟಿ ಜನ ಈ ಆಟಗಳಿಂದ ತೊಂದರೆಗೆ ಸಿಕ್ಕಿದ್ದಾರೆ, ಕಳೆದದ್ದು 20,000 ಕೋಟಿ ರೂಪಾಯಿಗೂ ಹೆಚ್ಚು. ಕುಟುಂಬಗಳು ಮುಳುಗಿವೆ, ಜೀವ ಹೋಗಿವೆ. ಸ್ವನಿಯಂತ್ರಣ ಅಂದರೆ ಬೆಕ್ಕಿನ ಕೈಗೆ ಹಾಲಿನ ಲೆಕ್ಕ ಕೊಟ್ಟ ಹಾಗೆ ಅನ್ನೋದೂ ನಿಜ. ಕಾಯ್ದೆ ಬಂದ ವಾರದಲ್ಲೇ ದೊಡ್ಡ ಆ್ಯಪ್‌ಗಳು ದುಡ್ಡಿನ ಆಟ ನಿಲ್ಲಿಸಿದವು, ಜೆರ್ಸಿಯಿಂದ ಹೆಸರು ಹೋಯಿತು, ಕ್ರಿಕೆಟಿಗರ ಜಾಹೀರಾತು ಮಾಯವಾಯಿತು. ಆಡಿದವನಿಗೆ ಶಿಕ್ಷೆ ಇಲ್ಲ ಅಂತ ಇಟ್ಟಿದ್ದು ವಿವೇಕದ ಮಾತೇ. ನಮ್ಮೂರ ಆ ತಾಯಿಯನ್ನು ಕೇಳಿದರೆ ‘ಒಳ್ಳೇದಾಯ್ತು ಬಿಡಪ್ಪ’ ಅಂತಾಳೆ. ಆಕೆಯ ಮುಂದೆ ನಿಂತು ಬೇರೆ ಮಾತಾಡುವ ಹಕ್ಕು ಆ ಕಂಪನಿಗಳಿಗಂತೂ ಇಲ್ಲ.

ಆದರೂ ಆ ಅಂಕಿಯನ್ನೇ ಒಂದು ಸಲ ಭಾಗಿಸಿ ನೋಡಿ. 20,000 ಕೋಟಿಯನ್ನು 45 ಕೋಟಿ ಜನಕ್ಕೆ ಹಂಚಿದರೆ ತಲೆಗೆ ಸುಮಾರು 444 ರೂಪಾಯಿ. ಬಹುಪಾಲು ಜನ ಒಂದು ಸಿನಿಮಾ, ಪಾಪ್‌ಕಾರ್ನ್‌ಗಿಂತ ಕಡಿಮೆ ಕಳೆದಿರಬೇಕು. ಸ್ವಲ್ಪ ಜನ ಮನೆ ಮಠ ಕಳೆದಿರಬೇಕು. ಆ ಸ್ವಲ್ಪ ಜನ ಯಾರು, ಯಾವ ಹೊತ್ತಿನಲ್ಲಿ ಆಡಿದರು, ಯಾವ ಸಾಲದಿಂದ ಆಡಿದರು? ಇಷ್ಟನ್ನೂ ಹೇಳುವ ಡೇಟಾ ಆ ಕಂಪನಿಗಳ ಸರ್ವರ್‌ಗಳಲ್ಲಿ ಇತ್ತು. ಅದನ್ನು ತರಿಸಿಕೊಂಡು ಸದನದ ಮುಂದಿಟ್ಟಿದ್ದರೆ ಗುರಿ ಎಲ್ಲಿ ಅಂತ ಕಾಣುತ್ತಿತ್ತು.

ಚಟ ಹತ್ತಿದವನು ಬಾಗಿಲು ಹಾಕಿದ ಕೂಡಲೇ ಮನೆಗೆ ಹೋಗೋದಿಲ್ಲ. ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರ್ತೀನಿ ಅನ್ನೋರು ಈ ದಂಧೆಯಲ್ಲಿ ಮೊದಲಿಂದ ಇದ್ದಾರೆ. ವಿದೇಶದಲ್ಲಿ ಕೂತ ಬೆಟ್ಟಿಂಗ್ ತಾಣಗಳು ನಿನ್ನೆ ಮೊನ್ನೆ ಹುಟ್ಟಿದವಲ್ಲ. ಈ ಕಾಯ್ದೆಗೆ ಮುಂಚೆಯೇ ಸರ್ಕಾರ ಸಾವಿರಕ್ಕೂ ಹೆಚ್ಚು ಆದೇಶ ಹೊರಡಿಸಿ ಅಂಥವನ್ನು ಬ್ಲಾಕ್ ಮಾಡಿತ್ತು. ಒಂದು ಅಕ್ಷರ ಬದಲಾಯಿಸಿ ಇನ್ನೊಂದು ವಿಳಾಸದಲ್ಲಿ ಬರೋಕೆ ಅವಕ್ಕೆ ಎಷ್ಟು ನಿಮಿಷ ಬೇಕು ಅಂತ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಬೊಂಬಾಯಿ ಸರ್ಕಾರಕ್ಕೆ ಬೆಂಗಳೂರಿನ ಪತ್ರಿಕೆಯ ವಿಳಾಸವಾದರೂ ಸಿಕ್ಕಿತ್ತು. ಇಲ್ಲಿ ಅದೂ ಇಲ್ಲ. ಮೇಲಾಗಿ, ಮುಂದಿನ ತಿಂಗಳು, ಅಂದರೆ ಸೆಪ್ಟೆಂಬರಿನಲ್ಲಿ, ಜಿಎಸ್‌ಟಿ ದರ ಬದಲಾದಾಗ ಶೇ. 40ರ ಪಟ್ಟಿಯಲ್ಲಿ ಕುದುರೆ ರೇಸು, ಲಾಟರಿಗಳ ಜೊತೆ ಆನ್‌ಲೈನ್ ದುಡ್ಡಿನ ಆಟವೂ ಇತ್ತು. ಒಂದು ಕೈ ನಿಷೇಧಿಸಿದ್ದು ಇನ್ನೊಂದು ಕೈಗೆ ಗೊತ್ತಿರಲಿಲ್ಲವೋ, ಅಥವಾ ನಿಷೇಧ ಪೂರ್ತಿ ಕೆಲಸ ಮಾಡೋದಿಲ್ಲ ಅಂತ ಚೆನ್ನಾಗಿ ಗೊತ್ತಿತ್ತೋ?

ವಿನ್ಯಾಸದ ಆ ಕೈಚಳಕಗಳೂ ಹಾಗೇ ಉಳಿದಿವೆ. ದುಡ್ಡು ಕೊಟ್ಟು ನಾಣ್ಯ ಕೊಳ್ಳಬೇಕು, ಆದರೆ ವಾಪಸ್ ದುಡ್ಡು ಗೆಲ್ಲುವ ಹಾಗಿಲ್ಲ ಅನ್ನೋ ಆಟ ಈ ನಿಷೇಧದ ವ್ಯಾಖ್ಯೆಗೆ ಸುಲಭವಾಗಿ ಸಿಗೋದಿಲ್ಲ. ನಡುರಾತ್ರಿಯ ನೋಟಿಫಿಕೇಶನ್ ಅಲ್ಲೂ ಬರುತ್ತೆ. ಐದು ನಿಮಿಷದ ಸಾಲದ ಆ್ಯಪ್ ಇನ್ನೂ ಫೋನಿನಲ್ಲೇ ಇದೆ.

ಈಗ ನಮ್ಮ ನಿಮ್ಮ ಫೋನಿಗೆ ಬರೋಣ. ರಮ್ಮಿ ಹಳ್ಳಿ ಹುಡುಗರ ಕಾಯಿಲೆ, ನಾವು ‘ಇನ್ವೆಸ್ಟ್’ ಮಾಡ್ತೀವಿ ಅಂದುಕೊಂಡವರಿಗೆ ಸೆಬಿ 2024ರ ಸೆಪ್ಟೆಂಬರಿನಲ್ಲಿ ಒಂದು ಲೆಕ್ಕ ಕೊಟ್ಟಿತು. ಫ್ಯೂಚರ್ಸ್ ಆ್ಯಂಡ್ ಆಪ್ಷನ್ಸ್‌ನಲ್ಲಿ ವ್ಯವಹರಿಸಿದ ಸಾಮಾನ್ಯ ಜನರಲ್ಲಿ ಶೇ. 93 ಮಂದಿ ಮೂರು ವರ್ಷಗಳಲ್ಲಿ ನಷ್ಟ ಅನುಭವಿಸಿದ್ದಾರೆ, ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಕಾನೂನಿನ ಕಣ್ಣಲ್ಲಿ ಇದು ಜೂಜಲ್ಲ. ಅಪಾಯವನ್ನು ಹಂಚಿಕೊಳ್ಳುವ ಉಪಯೋಗ ಇದಕ್ಕಿದೆ ಅನ್ನೋದೂ ಸರಿ. ಆದರೆ ಇಲ್ಲಿ ಸೆಬಿ ನಡೆದುಕೊಂಡ ರೀತಿ ನೋಡಿ. ಬಂದ್ ಮಾಡಲಿಲ್ಲ. ಒಂದು ಎಕ್ಸ್‌ಚೇಂಜಿಗೆ ವಾರಕ್ಕೊಂದೇ ಸೂಚ್ಯಂಕದ ಎಕ್ಸ್‌ಪೈರಿ ಅಂದಿತು, ಒಂದು ಕಾಂಟ್ರ್ಯಾಕ್ಟಿನ ಕನಿಷ್ಠ ಗಾತ್ರವನ್ನು 15 ಲಕ್ಷಕ್ಕೆ ಏರಿಸಿತು. ಅಂದರೆ ವೇಗಕ್ಕೆ ಕಡಿವಾಣ, ಚಿಲ್ಲರೆ ದುಡ್ಡಿಗೆ ಬೇಲಿ. ಮುಂದಿನ ವರ್ಷ ಮತ್ತೆ ಅಳೆಯಿತು: ಶೇ. 91 ಮಂದಿಗೆ ನಷ್ಟ, ಒಂದೇ ವರ್ಷದ ಮೊತ್ತ ಲಕ್ಷ ಕೋಟಿಗೂ ಹೆಚ್ಚು. ಔಷಧಿ ಸಾಲಲಿಲ್ಲ ಅನ್ನೋದು ಸ್ಪಷ್ಟ. ಆದರೆ ಸಾಲಲಿಲ್ಲ ಅನ್ನೋದು ಗೊತ್ತಾಗಿದ್ದು ಅಳೆದಿದ್ದರಿಂದ. ನಿಷೇಧದ ಕಾಯ್ದೆಯಲ್ಲಿ ಒಂದು ವರ್ಷ ಆದ ಮೇಲೆ ಅಳೆದು ಸಂಸತ್ತಿಗೆ ವರದಿ ಕೊಡಬೇಕು ಅನ್ನೋ ಒಂದು ಸಾಲು ಸೇರಿಸೋಕೆ ಏನು ಅಡ್ಡ ಬಂತು?

ಹಳ್ಳಿ ಹುಡುಗನ ರಮ್ಮಿಗೆ ಮೂರು ದಿನದ ನಿಷೇಧ, ನಗರದ ಉದ್ಯೋಗಿಯ ಆಪ್ಷನ್ಸ್‌ಗೆ ವರ್ಷಗಟ್ಟಲೆ ಅಧ್ಯಯನ. ಎರಡನೆಯವನಿಗೆ ಸಿಕ್ಕ ತಾಳ್ಮೆ ಮೊದಲನೆಯವನಿಗೂ ಸಿಗಬೇಕಿತ್ತು ಅನ್ನೋದು ನನ್ನ ತಕರಾರು. ಮಸೂದೆಯ ಕರಡನ್ನು ಕನಿಷ್ಠ 30 ದಿನ ಜನರ ಮುಂದಿಡಬೇಕು ಅಂತ ಕೇಂದ್ರ ಸರ್ಕಾರವೇ 2014ರಲ್ಲಿ ನೀತಿ ಮಾಡಿಕೊಂಡಿದೆ. ಈ ಮಸೂದೆ ಹಾಗೆ ಬರಲಿಲ್ಲ. ಬಂದಿದ್ದರೆ ಮನೋವೈದ್ಯರು ಮಾತಾಡುತ್ತಿದ್ದರು, ತಮಿಳುನಾಡಿನವರು ತಮ್ಮ ಅನುಭವ ಹೇಳುತ್ತಿದ್ದರು. ಬಾಜಿ ಮತ್ತು ಜೂಜು ಸಂವಿಧಾನದಲ್ಲಿ ರಾಜ್ಯಗಳ ಪಟ್ಟಿಯ ವಿಷಯ, ನಮ್ಮನ್ನು ಕೇಳಿದಿರಾ ಅಂತ ನಮ್ಮ ಸರ್ಕಾರವೂ ಕೇಳಬಹುದಿತ್ತು.

ಕಾಯ್ದೆ ಈಗ ಕೋರ್ಟಿನ ಮುಂದಿದೆ. ಕರ್ನಾಟಕ ಹೈಕೋರ್ಟೂ ಸೇರಿ ಬೇರೆ ಬೇರೆ ಕಡೆ ಹೂಡಿದ್ದ ಅರ್ಜಿಗಳನ್ನು ಸುಪ್ರೀಂ ಕೋರ್ಟ್ ತನ್ನ ಬಳಿಗೆ ತರಿಸಿಕೊಂಡಿತು. ಅಲ್ಲಿ ಏನೇ ಆಗಲಿ, ನಷ್ಟಕ್ಕೆ ಬಿದ್ದವರ ಕಡೆ ನೋಡುವ ಕೆಲಸಕ್ಕೆ ತೀರ್ಪು ಬೇಕಾಗಿಲ್ಲ. ತಂತ್ರಜ್ಞಾನದ ಚಟಕ್ಕೆ ಅಂತಲೇ ನಿಮ್ಹಾನ್ಸ್‌ನಲ್ಲಿ 2014ರಿಂದ ‘ಶಟ್’ ಕ್ಲಿನಿಕ್ ಇದೆ. ಬೆಂಗಳೂರಿನ ನಾವು ಮೆಟ್ರೋ ಹತ್ತಿ ಹತ್ತಿರ ಹೋಗಬಹುದು. ತಾಲ್ಲೂಕಿನ ಹುಡುಗ ಎಲ್ಲಿಗೆ ಹೋಗಬೇಕು? ಟೆಲಿ-ಮಾನಸ್ ಸಹಾಯವಾಣಿ 14416 ಇದೆ ಅಂತ ಎಷ್ಟು ಡೇರಿಗಳ ಗೋಡೆ ಮೇಲೆ ಬರೆದಿದೆ?

ನಮ್ಮ ಶಾಸಕರಿಗೆ ಕೋಡ್ ಬರೆಯೋಕೆ ಬರೋದಿಲ್ಲ ಅಂತ ನಗೋದು ಸುಲಭ. ಬರಬೇಕಾಗಿಯೂ ಇಲ್ಲ. ಹಾಲಿನ ಬಟವಾಡೆ, ಸಾಲ, ನಡುರಾತ್ರಿ, ಅವ್ವನ ಬೈಗುಳ, ಇವು ನಮಗಿಂತ ಅವರಿಗೇ ಚೆನ್ನಾಗಿ ಗೊತ್ತು. ಆ ತಿಳಿವಳಿಕೆಯನ್ನು ಸದನಕ್ಕೆ ತಂದರೆ ಸಾಕು. ಅದಕ್ಕೆ ದಾರಿಯೂ ಇದೆ, ಚುಕ್ಕೆ ಗುರುತಿನ ಪ್ರಶ್ನೆ ಅಂತಾರೆ. ಯಾವ ಶಾಸಕರು ಬೇಕಾದರೂ ಮುಂದಿನ ಅಧಿವೇಶನದಲ್ಲಿ ಗೃಹ ಸಚಿವರನ್ನು ಕೇಳಬಹುದು: ನಿಷೇಧ ಆದ ಮೇಲೆ ರಾಜ್ಯದಲ್ಲಿ ಎಷ್ಟು ಕೇಸು ದಾಖಲಾಗಿವೆ, ಅದರಲ್ಲಿ ವಿದೇಶಿ ತಾಣಗಳ ಮೇಲೆ ಎಷ್ಟು, ಸಾಲದ ಆ್ಯಪ್‌ಗಳ ಮೇಲೆ ಎಷ್ಟು, ಯಾವ ಜಿಲ್ಲಾ ಆಸ್ಪತ್ರೆಯಲ್ಲಿ ಈ ಚಟಕ್ಕೆ ಚಿಕಿತ್ಸೆ ಸಿಗುತ್ತೆ? ನಿಮ್ಮ ಮತ ಯಾವ ಊರಿನಲ್ಲಿದೆಯೋ ಆ ಕ್ಷೇತ್ರದ ಶಾಸಕರಿಗೆ ಈ ನಾಲ್ಕು ಸಾಲು ಕಳಿಸಿ. ಆಪ್ಷನ್ಸ್ ಆ್ಯಪ್ ತೆರೆಯೋಕೆ ಮುಂಚೆ ಕಳಿಸಿದರೆ ಇನ್ನೂ ಒಳ್ಳೇದು.